ಪೂಜೆಗೆ ಮುಂಚಿನ ಕರಿಬೇವು

ತಿಪ್ಪಮ್ಮನವರ ಹಟ ಗುಬ್ಬಿ ಪೇಟೆಗೆಲ್ಲ ಗೊತ್ತು. ಸೋಮವಾರ ಅಯ್ಯನವರು ಬಂದು ಪಾದೋದಕ ಕೊಟ್ಟು, ಲಿಂಗಪೂಜೆ ಮುಗಿಯುವವರೆಗೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಔಷಧಿ ಮಾತ್ರ ಆಗಬಹುದು. ಔಷಧಿ ಊಟವಲ್ಲವಂತೆ! ಈ ಕಾನೂನು ಮಾಡಿಕೊಂಡವರೂ ತಿಪ್ಪಮ್ಮನವರೇ.

ಆ ಸೋಮವಾರ ಅಯ್ಯನವರು ಕಡಬದಿಂದ ಇನ್ನೂ ಬಂದಿರಲಿಲ್ಲ. ಸೊಸೆ ರೂಪಶ್ರೀ ತುಮಕೂರಿನ ಕಾಲೇಜಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಪಡಸಾಲೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಓಡಿ ಬಂದು ನೋಡಿದರೆ ಅತ್ತೆ ಗೋಡೆಗೊರಗಿ ಕೂತಿದ್ದಾರೆ, ಹಣೆ ಕತ್ತೆಲ್ಲ ಬೆವರು, ಕೈ ಗಡಗಡ ನಡುಗುತ್ತಿದೆ. ಲೋಟದ ತಳದಲ್ಲಿ ಹಸಿರು ಗಸಿ.

“ಅತ್ತೆ, ಏನ್ ಕುಡಿದ್ರಿ?”

“ನಿನ್ ಔಷಧೀನೇ ಕಣವ್ವ. ಕರಿಬೇವಿನ ರಸ. ಶುಗರ್ ಮಾತ್ರೆ ಜೊತೆಗೆ.”

ರೂಪಶ್ರೀ ಲೋಟ ಎತ್ತಿ ಮೂಸಿದಳು. ಕರಿಬೇವಿನ ಎಲೆಯಲ್ಲಿರುವ ಮಹಾನಿಂಬಿನ್ ಎಂಬ ಆಲ್ಕಲಾಯ್ಡ್ ಮೇಲೆ ಅವಳ ಸಂಶೋಧನೆ. ಹೋದ ತಿಂಗಳು ಮಠದ ಮಹಿಳಾ ಸಂಘದಲ್ಲಿ ಅದರ ಬಗ್ಗೆ ಮಾತಾಡಿದ್ದಳು. ರಕ್ತದ ಸಕ್ಕರೆ ಇಳಿದದ್ದು ಇಲಿಗಳಲ್ಲಿ, ಮನುಷ್ಯರ ಮಾತು ಇನ್ನೂ ದೂರ ಎಂದೂ ಹೇಳಿದ್ದಳು. ಯಾರಿಗೆ ಬೇಕು ಇಲಿ? ಅಷ್ಟು ಹೊತ್ತಿಗೆ ಉಪ್ಪಿಟ್ಟಿನ ತಟ್ಟೆ ಬಂದಿತ್ತು. ತಿಪ್ಪಮ್ಮನವರಂತೂ “ನಮ್ ಸೊಸೆ ಕಂಡ್ಹಿಡಿದಿರೋದು” ಎಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು.

ಬೆರಳು ಚುಚ್ಚಿ ಶುಗರ್ ನೋಡಿದಳು. ಐವತ್ತಕ್ಕೂ ಕೆಳಗೆ! ಹಸಿದ ಹೊಟ್ಟೆಗೆ ಆ ಮಾತ್ರೆಯೊಂದೇ ಸಾಕಿತ್ತು. ಎಲೆಯದೂ ಪಾಲಿತ್ತೋ ಏನೋ, ಅದನ್ನು ಯೋಚಿಸುವ ಹೊತ್ತಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಹೊರಟಿದೆ, ಎಚ್ಚರವಿದ್ದರೆ ಈಗಲೇ ಸಕ್ಕರೆ ನೀರು ಕುಡಿಸಿ ಎಂದರು. ಗಂಡ ಸೋಮಶೇಖರ್ ನೋಡಿದರೆ ಕಾರು ತಗೊಂಡು ಕುಣಿಗಲ್‌ಗೆ ಹೋಗಿ ಕೂತಿದ್ದ.

ಸಕ್ಕರೆ ನೀರು ತಂದರೆ ತಿಪ್ಪಮ್ಮ ಮುಖ ತಿರುಗಿಸಿದರು.

“ಪೂಜೆ ಆಗಿಲ್ಲ ಕಣೇ. ತಗಿ ಅತ್ಲಾಗೆ.”

“ನಿಮ್ ಕಾಲಿಗ್ ಬೀಳ್ತೀನಿ ಅತ್ತೆ. ಒಂದ್ ಗುಟುಕು.”

“ಸಿಹಿ ಮುಟ್ಟಲ್ಲ. ಈ ಮನೆಗ್ ಬಂದಾಗ್ನಿಂದ ತಪ್ಪಿಸಿಲ್ಲ...”

ಮಾತು ತೊದಲತೊಡಗಿತ್ತು. ಎಚ್ಚರ ತಪ್ಪಿದರೆ ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ರೂಪಶ್ರೀಗೆ ಕೆಂಡದಂಥ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ತಾಯಿಯಿಲ್ಲದೆ ಬೆಳೆದವಳಿಗೆ ಈ ಹಟಮಾರಿ ಮುದುಕಿಯೇ ತಾಯಿ. ಸೊಸೆ ಪಿಎಚ್‌.ಡಿ. ಮಾಡಲಿ ಎಂದು ಮಗನ ಜೊತೆ ಜಗಳಕ್ಕೆ ನಿಂತವರೂ ಇವರೇ.

ಔಷಧಿಯಾದರೆ ಕುಡಿಯುತ್ತಾರಲ್ಲ! ಹಿತ್ತಲಿಗೆ ಓಡಿದಳು. ಬಣ್ಣಕ್ಕೆಂದು ನಾಲ್ಕೇ ಎಲೆ ಕಿತ್ತು, ಜಜ್ಜಿ, ಸಕ್ಕರೆ ನೀರಿಗೆ ಹಿಂಡಿದಳು.

“ತಗೊಳ್ಳಿ ಅತ್ತೆ. ಇದು ಊಟ ಅಲ್ಲ. ನಂದೇ ಔಷಧಿ, ಹೊಸದು.”

ಲೋಟವನ್ನು ಅತ್ತೆಯ ತುಟಿಗೆ ಹಿಡಿದಳು. ಅವಳ ಕಣ್ಣೀರು ಗಲ್ಲದಿಂದ ಇಳಿದು ಸೆರಗಿಗೆ ಬೀಳುತ್ತಿತ್ತು. ತಿಪ್ಪಮ್ಮ ಒಂದು ಗುಟುಕು ಕುಡಿದು ನಿಲ್ಲಿಸಿದರು. ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಲೋಟ ಖಾಲಿ ಮಾಡಿದರು.

ಬೆವರು ಆರಿತು. ಮಾತು ಸರಿಹೋಯಿತು. ಬೀದಿಯ ತಿರುವಿನಲ್ಲಿ ಆಂಬುಲೆನ್ಸ್ ಸದ್ದು ಕೇಳುವ ಹೊತ್ತಿಗೆ ಅಯ್ಯನವರೂ ಬಾಗಿಲಿಗೆ ಬಂದು, “ತಡ ಆಯ್ತು ತಾಯಿ, ಪೂಜೆಗೆ ಕೂರಾಣ್ವಾ?” ಎಂದರು.

“ಇವತ್ ಬುಡಿ ಅಯ್ನೋರೇ,” ಎಂದರು ತಿಪ್ಪಮ್ಮ. “ಬಾಯಿಗೆ ಸಿಹಿ ಬಿದ್ದೈತೆ.”

ರೂಪಶ್ರೀ ಬೆಚ್ಚಿದಳು. “ಅತ್ತೆ, ಅದು ಔಷಧಿ...”

“ಸಕ್ಕರೆ ರುಚಿ ನಂಗ್ ಗೊತ್ತಾಗಲ್ವೇನೇ? ಮೊದಲ್ನೇ ಗುಟುಕಿಗೇ ಗೊತ್ತಾಯ್ತು.”

“ಮತ್ತೆ ಯಾಕ್ ಕುಡಿದ್ರಿ?”

ತಿಪ್ಪಮ್ಮ ಸೆರಗಿನ ತುದಿಯಿಂದ ಸೊಸೆಯ ಕೆನ್ನೆ ಒರೆಸಿದರು.

“ನೀನ್ ಹಂಗ್ ಅಳ್ತಿದ್ಯಲ್ಲೇ. ಶಿವ ಇನ್ನೊಂದ್ ಸೋಮವಾರ ಕಾಯ್ತಾನೆ ಬುಡು.”