ಮೂವತ್ತು ವರ್ಷ ಬಾಳುವ ಕಸದ ಡಬ್ಬ

ಎರಡು ವರ್ಷದಲ್ಲಿ ಮೂರನೆಯ ಕಸದ ಡಬ್ಬದ ಮುಚ್ಚಳ ಮುರಿದಾಗ ಮಗಳು ಸಿಟ್ಟು ಮಾಡಿಕೊಳ್ಳಲಿಲ್ಲ. ಒಳಗೆ ಕೈ ಹಾಕಿ ಅಮ್ಮ ಎಸೆದಿದ್ದ ಬೀಗದ ಕೈ, ಎರಡು ಚಮಚ, ತನ್ನದೇ ಊಟದ ಡಬ್ಬಿ, ಎಲ್ಲವನ್ನೂ ಹೆಕ್ಕಿ ತೊಳೆದಿಟ್ಟಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ತಪ್ಪಿದರೂ ಗಿರಾಕಿಗೆ ತಲೆ ಸುತ್ತುತ್ತದೆ ಎಂದು ಬಲ್ಲವಳು. ಅಂಥವಳು ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು ಅಗ್ಗದ ಪ್ಲಾಸ್ಟಿಕ್ಕನ್ನೇ ತರುತ್ತಿದ್ದಳಲ್ಲ, ಅದಕ್ಕೇನನ್ನೋಣ? ಅದೂ ಮೂವತ್ತೈದು ವರ್ಷ ಪಾತ್ರೆ ಅಂಗಡಿ ನಡೆಸಿದವಳ ಮಗಳು.

"ಅಮ್ಮಾ, ಈ ಸಲ ನೀನೇ ಬಂದು ಆರಿಸು," ಅಂದಳು.

ಹಾಗನ್ನಲು ಇನ್ನೊಂದು ಕಾರಣವಿತ್ತು. ಹೋದ ತಿಂಗಳು ಅಮ್ಮ ಹೆತ್ತ ಮಗನನ್ನೇ ಕರೆಂಟ್ ಬಿಲ್ಲಿನವನೆಂದು ತಿಳಿದು ಬಾಗಿಲಲ್ಲಿ ನಿಲ್ಲಿಸಿದ್ದಳು. ಅವನು ಅಲ್ಲಿಂದ ನೇರ ಹೋಗಿ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅಮ್ಮನಿಗೆ ಜಾಗ ಹೇಳಿ ಬಂದ. ಮಗಳು ಸುತಾರಾಂ ಒಪ್ಪಲಿಲ್ಲ. ಜಗಳವಾಡಿ ಸುಸ್ತಾದ ಮೇಲೆ ಇಬ್ಬರೂ ಒಂದು ಮಾತಿಗೆ ಬಂದರು.

"ಅಮ್ಮ ನಿನ್ನ ಗುರುತು ಹಿಡಿಯೋಷ್ಟು ದಿನ ನಿನ್ನ ಹತ್ರಾನೇ ಇರ್ಲಿ," ಅಂದಿದ್ದ ಅಣ್ಣ. "ಗುರುತು ತಪ್ಪಿದ ದಿನ ಮಾತ್ರ ಮುಚ್ಚಿಡಬೇಡ. ನಂಗೆ ಫೋನ್ ಮಾಡು."

ಅಂದಿನಿಂದ ದಿನಾ ಬೆಳಗ್ಗೆ ಅಮ್ಮ ಕಣ್ಣು ಬಿಟ್ಟು "ಪುಟ್ಟೀ" ಅನ್ನುವವರೆಗೆ ಅವಳು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಪಾತ್ರೆಗಳ ನಡುವೆ ನಿಲ್ಲಿಸಿದರೆ ಹಳೆಯ ಅಮ್ಮ ಸ್ವಲ್ಪವಾದರೂ ವಾಪಸು ಬಂದಾಳೆಂಬ ಆಸೆ ಅವಳಿಗೆ.

ಅಮ್ಮ ವಾಪಸು ಬಂದಳು, ಅದೂ ಎಂಥ ಠೀವಿಯಲ್ಲಿ! ಪೇಟೆಯ ಪಾತ್ರೆ ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ಬಾಗಿದ ಬೆನ್ನು ನೆಟ್ಟಗಾಯಿತು. ಬೋಳುತಲೆಯ ಅಂಗಡಿಯವನು ಹೊಸ ಮಾಲು ತೋರಿಸಿದ. ಹತ್ತಿರ ಕೈ ಒಯ್ದರೆ ಅದು ತಾನಾಗಿ ಮುಚ್ಚಳ ತೆರೆಯುತ್ತಿತ್ತು.

"ಕಸದ ಡಬ್ಬಕ್ಕೆ ಯಾಕಪ್ಪಾ ಇಷ್ಟೊಂದು ವಿನಯ?" ಅಂದಳು ಅಮ್ಮ. "ಸೆಲ್ ಮುಗಿದ ದಿನ ಬಾಯಿ ಬಿಡು ಅಂತ ನಾವು ಇದರ ಕಾಲು ಹಿಡೀಬೇಕು."

ಅವನು ಕಾಲಿನಿಂದ ಒತ್ತುವ ಸ್ಟೀಲಿನದನ್ನು ಮುಂದಿಟ್ಟ. ಅಮ್ಮ ಅದನ್ನು ಬೋರಲು ಹಾಕಿದಳು. ಯಾವ ಪಾತ್ರೆಯಾದರೂ ಅವಳು ಮೊದಲು ನೋಡುತ್ತಿದ್ದುದು ತಳವನ್ನೇ.

"ಈ ಸ್ಪ್ರಿಂಗ್ ಮುಂದಿನ ವರ್ಷ ಹೋಗುತ್ತೆ. ಬೇರೆ ಸ್ಪ್ರಿಂಗ್ ನೀನು ಕೊಡ್ತೀಯಾ?"

ಅಮ್ಮ ಅಂಗಡಿಯವನನ್ನು ದಾಟಿ ಹಿಂದಿನ ಮೂಲೆಗೆ ನಡೆದು, ಪೊರಕೆಗಳ ಹಿಂದಿನಿಂದ ಧೂಳು ಹಿಡಿದ ಒಂದು ತಗಡಿನ ಡಬ್ಬ ಎಳೆದಳು. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಅಂಚು ಒಳಕ್ಕೆ ಮಡಚಿತ್ತು, ತಳ ನೆಲಕ್ಕೆ ತಾಗದಂತೆ ಎತ್ತರಿಸಿತ್ತು, ಮುಚ್ಚಳವನ್ನು ಕೈಯಿಂದ ಎತ್ತಿಡಬೇಕಿತ್ತು.

"ಕೀಲಿಲ್ಲ, ಸ್ಪ್ರಿಂಗಿಲ್ಲ. ಕೆಡೋಕೆ ಇದರಲ್ಲಿ ಏನಿದೆ?"

ಮಗಳಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಅಣ್ಣ ಇದನ್ನು ನೋಡಬೇಕಿತ್ತು ಅಂದುಕೊಂಡಳು. ಅಷ್ಟರಲ್ಲಿ ಅಮ್ಮ ಡಬ್ಬ ಹೊತ್ತು ಗಲ್ಲಾಪೆಟ್ಟಿಗೆಯ ಹಿಂದಕ್ಕೆ ಹೋಗಿ ನಿಂತು, ಅಂಗೈಯಿಂದ ಧೂಳು ಒರೆಸಿ, ಅವಳನ್ನು ನೋಡಿದಳು.

"ಮನೇಲಿ ಎಷ್ಟು ಜನ?"

ಅದು ಅಮ್ಮ ಪ್ರತಿ ಗಿರಾಕಿಗೂ ಕೇಳುತ್ತಿದ್ದ ಪ್ರಶ್ನೆ. ಬೇಕಿಲ್ಲದ ಸಾಮಾನನ್ನು ಅವಳು ಯಾರ ತಲೆಗೂ ಕಟ್ಟಿದವಳಲ್ಲ. ತಮಾಷೆ ಮಾಡುತ್ತಿದ್ದಾಳೆಂದು ಮಗಳೂ ಗಿರಾಕಿಯಾದಳು.

"ಇಬ್ಬರು. ನಾನು, ನಮ್ಮಮ್ಮ."

"ಅಮ್ಮನಿಗೆ ವಯಸ್ಸೆಷ್ಟು?"

"ಎಪ್ಪತ್ತಮೂರು."

"ಹಾಗಾದ್ರೆ ಇದೇ ಸರಿ. ಮುಚ್ಚಳ ಹಗುರ, ಅವರ ಕೈಲಾಗುತ್ತೆ. ಮೂವತ್ತು ವರ್ಷಕ್ಕೆ ಯೋಚನೆ ಇಲ್ಲ. ಒಂದ್ಸಲ ಅವರನ್ನೂ ಕರ್ಕೊಂಡು ಬನ್ನಿ."

ಮಗಳು ನಕ್ಕಳು. ಅಮ್ಮ ನಗಲಿಲ್ಲ.

"ಅಮ್ಮಾ, ನಾನು. ಪುಟ್ಟಿ."

"ನಮ್ಮ ಮಗಳನ್ನೂ ನಾವು ಹಾಗೇ ಕರೆಯೋದು," ಅಂದಳು ಅಮ್ಮ ಅಕ್ಕರೆಯಿಂದ. "ಇನ್ನೇನು ಸ್ಕೂಲಿಂದ ಬರೋ ಹೊತ್ತು."

ಮಗಳು ಗಲ್ಲಾಪೆಟ್ಟಿಗೆ ಸುತ್ತಿ ಹೋಗಿ ಅಮ್ಮನ ಕೈ ಹಿಡಿದು, "ಬಾ, ಮನೆಗೆ ಹೋಗೋಣ," ಅಂದಳು. ಅಮ್ಮ ಗಿರಾಕಿಯ ಮನಸ್ಸಿಗೆ ನೋವಾಗದ ಹಾಗೆ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಅಂಗಡಿ ಬಿಟ್ಟು ಹೇಗಮ್ಮಾ ಬರ್ಲಿ? ಮಗು ಬಂದಾಗ ನಾನಿಲ್ದಿದ್ರೆ ಹೆದರ್ಕೊಳ್ಳುತ್ತೆ."

ಮಗಳು ಅಲ್ಲೇ, ಪರರ ಅಂಗಡಿಯಲ್ಲಿ, ನಾಚಿಕೆ ಬಿಟ್ಟು ಅತ್ತಳು. ಅಂಗಡಿಯವನು ಅಮ್ಮನ ಹಿಂದೆ ಒಂದು ಸ್ಟೂಲು ತಂದಿಟ್ಟ.

"ಯಾಕೆ ಅಳ್ತೀರಾ?" ಅಮ್ಮನಿಗೆ ಗಾಬರಿಯಾಯಿತು. "ಇದು ಇಷ್ಟ ಆಗ್ಲಿಲ್ವಾ? ಬೇರೆ ತೋರಿಸ್ಲಾ?"

"ಇಲ್ಲ. ಇದೇ ಚೆನ್ನಾಗಿದೆ."

ಆಮೇಲೆ ಬಾಗಿಲ ಬಳಿ ಹೋಗಿ ಫೋನ್ ಹಚ್ಚಿದಳು. "ಅಣ್ಣಾ," ಅಂದಳು. ಆ ಒಂದೇ ಮಾತಿಗೆ ಅವನಿಗೆ ಅರ್ಥವಾಯಿತು. "ಎಲ್ಲಿದ್ದೀರಾ ಹೇಳು, ಬಂದೆ," ಅಂದ. ಅಮ್ಮ ಸ್ಟೂಲಿನ ಮೇಲೆ ಕೂತು, ಅವಳನ್ನು ದಾಟಿ ಬೀದಿಯ ಕಡೆ ಕತ್ತು ಚಾಚಿ, ಮಗಳು ಬರುತ್ತಾಳೇನೋ ಎಂದು ನೋಡುತ್ತಿದ್ದಳು.