ಬೆಟ್ಟದ ಹಿಂಬದಿ

ದರ್ಜಿ ಅಕ್ಕನ ಗಂಡನದು ವಿಚಿತ್ರ ಪದ್ಧತಿ. ಮಾಯಾಲೋಕದ ಕಾದಂಬರಿ ಬರೆಯುತ್ತಾನೆ, ಬರೆಯಲಿ. ಆದರೆ ಜಾಗದ ವರ್ಣನೆ ಮುಗಿಯದೆ ಕತೆಯೊಳಗೆ ಒಂದು ನೊಣವನ್ನೂ ಹಾರಗೊಡುವುದಿಲ್ಲ. ಅಲ್ಲಿಯವರೆಗೆ ಪಾತ್ರಗಳು ಪಾಪ ಎಲ್ಲಿಗೆ ಹೋಗಬೇಕು? ಬಂದು ಇವಳ ಅಡುಗೆಮನೆಯಲ್ಲಿ ಕೂರುತ್ತವೆ.

ಈ ಸಲ ಬಂದವನು ಕಥಾನಾಯಕ, ವೀರ. ಬೆಟ್ಟದ ವರ್ಣನೆ ಶುರುವಾದಾಗ ಬಂದು ಕೂತವನು, ಮಳೆಗಾಲ ಕಳೆದರೂ ಎದ್ದಿರಲಿಲ್ಲ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಒಂದು ಬೆಟ್ಟಕ್ಕೆ ಎಷ್ಟು ಅಂತ ಬರೀತೀರಿ? ಕಲ್ಲು ಅಂದ್ರೆ ಕಲ್ಲು!" ಎಂದು ಗಂಡನ ಮೇಲೆ ಹರಿಹಾಯುತ್ತಿದ್ದಳು. ಆದರೆ ವೀರ ಒಳ್ಳೆಯವನು. ಕತ್ತಿ ಮೂಲೆಗಿಟ್ಟು ಅಂಗಿಯ ಗುಂಡಿಗೆ ಕಾಜ ಹೊಲಿಯಲು ಕಲಿತ, ಅಕ್ಕಾ ಅಕ್ಕಾ ಎಂದು ಬಾಯ್ತುಂಬ ಕರೆದ. ಒಡಹುಟ್ಟಿದವರಿಲ್ಲದ ಅವಳಿಗೆ ಅಷ್ಟು ಸಾಕಾಗಿತ್ತು.

ಒಂದು ಬೆಳಿಗ್ಗೆ ಅವನು ಸೂಜಿ ಕೆಳಗಿಟ್ಟ.

"ಅಕ್ಕಾ, ಭಾವನ ಬೆಟ್ಟ ಮುಗೀತಾ ಬಂತು. ಮುಗಿದ ತಕ್ಷಣ ನಾನು ಹತ್ಬೇಕು. ಮೇಲಿರೋ ಬೆಂಕಿ ಉಗುಳೋ ಘಟಸರ್ಪ ನನ್ನ ನುಂಗುತ್ತೆ."

"ವೀರ ಅಂತೀಯ, ಗೆಲ್ಲಲ್ವಾ?"

"ಇಲ್ಲಕ್ಕಾ. ನಾನು ಸತ್ರೇನೇ ಓದೋರು ಅಳೋದು ಅಂತ ಭಾವ ತೀರ್ಮಾನ ಮಾಡಿದಾರೆ."

ಅವಳು ಅಳತೆಪಟ್ಟಿ ಕೊರಳಲ್ಲಿದ್ದಂತೆಯೇ ಗಂಡನ ಕೋಣೆಗೆ ನುಗ್ಗಿದಳು. ಸಾಯಿಸಬೇಡಿ ಎಂದರೆ ಕೇಳುವ ಆಸಾಮಿಯಲ್ಲ, ಅದು ಅವಳಿಗೆ ಗೊತ್ತು.

"ಬೆಟ್ಟ ಚೆನ್ನಾಗಿದೆ ರೀ," ಎಂದಳು. ಮದುವೆಯಾದಾಗಿನಿಂದ ಕೇಳದ ಮಾತು. ಗಂಡ ಪೆನ್ನು ಕೆಳಗಿಟ್ಟ. "ಆದ್ರೆ ಹಿಂಬದಿ ಎಲ್ಲಿ? ಮುಂದೆ ಜರಿ, ಹಿಂದೆ ಅಸ್ತರೂ ಇಲ್ಲ. ಇಂಥ ಕೋಟು ಹೊಲಿದ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ."

ಅಯ್ಯೋ, ಅವನ ಮುಖ ನೋಡಬೇಕಿತ್ತು! ಆಗಿಂದಾಗಲೇ ಹಿಂಬದಿಯ ಇಳಿಜಾರು ಬರೆದ, ಹುಲ್ಲು ಬರೆದ. "ಕಾಲುದಾರಿ?" ಎಂದಳು. ಬರೆದ. "ಕೆಳಗೊಂದು ಊರು?" ಅದನ್ನೂ ಬರೆದ. "ಊರಂದ್ಮೇಲೆ ದರ್ಜಿ ಅಂಗಡಿ ಬೇಡ್ವಾ? ಕೆಲಸಗಾರ ಬೇಕಾಗಿದ್ದಾನೆ ಅಂತ ಬೋರ್ಡು?" ವಿವರವೆಂದರೆ ಪ್ರಾಣ ಬಿಡುವವನು, ಬೋರ್ಡಿನ ಬಣ್ಣವನ್ನೂ ಬಿಡಲಿಲ್ಲ.

ಮಧ್ಯಾಹ್ನ ವೀರನ ಕುರ್ಚಿ ಖಾಲಿಯಾಗಿತ್ತು. ಮೂಲೆಯಲ್ಲಿ ಕತ್ತಿ ಹಾಗೇ ಇತ್ತು; ಅವಳ ಒಳ್ಳೆಯ ಕತ್ತರಿ ಮಾತ್ರ ಇರಲಿಲ್ಲ. ನಕ್ಕಳು, ಆಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಏನೇ, ಬೆಟ್ಟ ಹತ್ತೋನು ಎಲ್ಲೇ?" ಎಂದು ಒಳಗಿನಿಂದ ಗಂಡ ಕೂಗಿದ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತೆಗೆದರೆ ಘಟಸರ್ಪ, ತಲೆ ತಗ್ಗಿಸಿಕೊಂಡು.

"ಅವನು ಬರಲ್ಲ ತಾನೇ ಅಕ್ಕಾ?"

"ಬರಲ್ಲ."

"ಸದ್ಯ! ನನಗೂ ನಿದ್ದೆಯೇ ಬರ್ತಿರಲಿಲ್ಲ." ಅದು ಬಿಟ್ಟ ನಿಟ್ಟುಸಿರಿಗೆ ಹೊಸಿಲ ಬಳಿಯ ಕಾಲೊರಸು ಹೊಗೆಯಾಡಿತು.

ಅವಳು ಖಾಲಿ ಕುರ್ಚಿ ಪಕ್ಕಕ್ಕೆ ಸರಿಸಿದಳು. "ಒಳಗೆ ಬಾಪ್ಪ," ಎಂದಳು, "ಇಸ್ತ್ರಿ ಮಾಡೋಕೆ ಬರುತ್ತಾ?"