ಒಳಗಿನ ಮೆಟ್ಟಿಲು

“ಮೆಟ್ಲ ಒಳಗ ಅದಾವಲೇ ಸೂಳಿಮಗನ! ದೇವ್ರ ಖೋಲಿ ಮುಂದಾಸಿ ಹಾದು ಹೋಗಬೇಕು. ನೀ ಹಾದು ಹೋದ್ರ ನಾಳಿ ನಾ ಯಾವ ಮಾರಿ ಇಟ್ಕೊಂಡು ದೀಪ ಹಚ್ಲಿ?”

ಮಹಾದೇವಪ್ಪ ಸಾಹುಕಾರ ಹಿತ್ತಲ ಕಟ್ಟೆಯ ಮೇಲೆ ನಿಂತು ಒದರುತ್ತಿದ್ದ. ಕೆಳಗೆ ಪೊರಕೆ, ಪುಟ್ಟಿ ಹಿಡಿದು ಮರಿಲಿಂಗ ತಲೆ ಬಗ್ಗಿಸಿ ನಿಂತಿದ್ದ. ತಲೆ ಬಗ್ಗಿಸದೆ ನಿಂತವಳು ಅವನ ಹೆಂಡತಿ ರತ್ನಾಬಾಯಿ.

“ಏಣಿ ನೋಡ್ರಿ ಸಾವ್ಕಾರ. ನಡುವಿನ ಹಲ್ಲು ಮುರದಾವ. ಹ್ವಾದ ವರ್ಷ ಕಟ್ಟಿದ ಹಗ್ಗನೂ ಕೊಳತು ಜೋತಾಡಾಕತ್ತದ. ನನ್ನ ಗಂಡ ಮಂಗ್ಯಾ ಏನ್ರಿ, ಗ್ವಾಡಿ ಹಿಡ್ಕೊಂಡು ಹತ್ತಾಕ?”

“ಗಂಡಸ್ರು ಮಾತಾಡೋ ಮುಂದ ನಡುವ ಬಾಯಿ ಹಾಕಬ್ಯಾಡ, ರತ್ನಿ.”

“ಬಣ್ಣ ಹಚ್ಚೋರು ಬಂದಿದ್ರಲ್ರಿ ಕಲಬುರಗಿಯಿಂದ. ಅವ್ರು ಮುಂದಿನ ಬಾಗ್ಲಾಗ ಹಾದು ಒಳಗಿಂದನೇ ಹತ್ತಿದ್ರು. ಕಣ್ಣಿಲೆ ನೋಡೀನಿ.”

“ಅವ್ರು ಬ್ಯಾರೆ.”

ಬೇರೆ ಹೇಗೆ ಎಂದು ಯಾರೂ ಕೇಳಲಿಲ್ಲ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಗೂ ಅದು ಗೊತ್ತಿತ್ತು.

ಆ ಬಣ್ಣದವರು ಶಹಾಪುರದ ಬಿಸಿಲಿಗೆ ಮನೆ ತಂಪಾಗಿರಲೆಂದು ಮಾಳಿಗೆಗೆಲ್ಲ ಬಿಳಿ ಬಳಿದು ಹೋಗಿದ್ದರು. ಅವರು ಹೋದ ಮೇಲೆ ಅಲ್ಲೊಂದು ಬೆಕ್ಕು ಸತ್ತಿತ್ತು. ಬೇವಿನ ಎಲೆ, ಪಾರಿವಾಳದ ಹಿಕ್ಕೆಯ ಜೊತೆಗೆ ಅದೂ ನೀರು ಹೋಗುವ ದಾರಿಗೆ ಅಡ್ಡ ಬಿದ್ದು ಕೊಳೆತು, ನಾತ ಮನೆಯೊಳಗೆ ಇಳಿಯುತ್ತಿತ್ತು. ಆಗಲೇ ಮೋಡ ಕಟ್ಟಿತ್ತು. ಮಳೆ ಹೊಡೆದರೆ ಆ ನೀರು ಗೋಡೆಯೊಳಗೇ ಇಳಿಯುತ್ತದೆ. ಬಿಳಿ ಬಳಿಯಲು ಯಾರಾದರೂ ಸಿಗುತ್ತಾರೆ. ಸತ್ತ ಬೆಕ್ಕು ಎತ್ತಲು ಕೇರಿಯ ಮರಿಲಿಂಗನೇ ಬೇಕು.

“ಒಲ್ಲೆ ಅಂದ್ರ ಈಗೇ ಹೇಳಿಬಿಡ್ರಿ,” ಎಂದ ಸಾಹುಕಾರ. “ಮಳಿ ಬಿದ್ದ ಮ್ಯಾಲ ನನ್ನ ಹೊಲಕ್ಕ ಕಳೆ ತಗ್ಯಾಕ ನಿಮ್ಮ ಕೇರಿ ಹೆಣ್ಮಕ್ಕಳು ಒಬ್ರೂ ಬರಬ್ಯಾಡ್ರಿ. ಒಬ್ರೂ!”

ಮರಿಲಿಂಗ ಏಣಿಗೆ ಕೈ ಹಾಕಿದ. “ಇರ್ಲಿ ಬಿಡ ರತ್ನಾ.”

ಆಗ ಸಾಹುಕಾರನ ಸೊಸೆ ರೇವತಿ ಹೊರಗೆ ಬಂದಳು. ಎಂಜಿನಿಯರಿಂಗ್ ಓದಿದವಳು, ಯಾರಿಗೂ ದನಿ ಎತ್ತಿ ಮಾತಾಡಿದವಳಲ್ಲ. ಕೈಯಲ್ಲಿ ಹಳದಿ ಪಟ್ಟಿಗಳ ಒಂದು ಬೆಲ್ಟು, ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಕೊಂಡಿ.

“ಜಗಳ ಯಾಕ್ರಿ ಮಾವಾರ? ಆನ್‌ಲೈನ್‌ನಾಗ ಸೇಫ್ಟಿ ಬೆಲ್ಟ್ ತರ್ಸೀನಿ. ಕಾಲು ಜಾರಿದ್ರೂ ಏನೂ ಆಗಂಗಿಲ್ಲ.” ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಂತಳು. “ತಗೋ ಮರಿಲಿಂಗ. ನೀನೇ ಇಟ್ಕೋ, ತಿರುಗಿ ಕೊಡೋದು ಬ್ಯಾಡ.”

“ಮೆಟ್ಲ ಹತ್ತಾಕ ಬಿಡವ್ವಾ ಮೊದ್ಲ,” ಎಂದಳು ರತ್ನಾಬಾಯಿ.

“ನನಗೇನೂ ಇಲ್ಲ ರತ್ನಾಬಾಯಿ. ಮಾವಾರಿಗೆ ಸೇರಂಗಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ.”

ತೊಡೆಯ ಪಟ್ಟಿ ಯಾವುದು, ಹೆಗಲಿನದು ಯಾವುದು, ಮರಿಲಿಂಗನಿಗೆ ತಿಳಿಯಲಿಲ್ಲ. ರೇವತಿ ದೂರದಿಂದಲೇ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. “ಹಂಗಲ್ಲ... ಅದನ್ನ ಕಾಲಾಗ ಹಾಕು... ಏ, ಅದಲ್ಲ.” ಹತ್ತಿರ ಬಂದು ಎಳೆದು ಬಿಗಿಯಲಿಲ್ಲ. ಕಡೆಗೆ ಅವನು ಒಂದನ್ನು ನಡುವಿಗೆ ಸುತ್ತಿ ಮಿಕ್ಕವನ್ನು ಜೋತುಬಿಟ್ಟ. “ಸಾಕು ಬಿಡು,” ಎಂದು ರೇವತಿ ಮೊಬೈಲಿನಲ್ಲಿ ಅವನ ಫೋಟೊ ಹೊಡೆದುಕೊಂಡಳು.

“ಬೆಳಕಿಂಡಿ ಎಲ್ಲೆಲ್ಲಿ ಅದಾವ್ರಿ ಸಾವ್ಕಾರ?” ಮರಿಲಿಂಗ ಕೇಳಿದ. “ಮ್ಯಾಲ ಎಲ್ಲಾ ಒಂದೇ ಸವನ ಬೆಳ್ಳಗ ಬಳದಾರಂತ. ಬೆಳಕಿಂಡಿಗಿ ಹಾಕಿದ ಪಿಲಾಸ್ಟಿಕ್ ತಗಡ ಯಾವ್ದು, ಮಾಳಗಿ ಯಾವ್ದು ತಿಳಿಯಂಗಿಲ್ಲ.”

“ಕಣ್ಣಿಲ್ಲೇನಲೇ ನಿನಗ? ಹತ್ತಿ ನೋಡ್ಕೋ.”

ಸಾಹುಕಾರ, ಸೊಸೆ ಇಬ್ಬರೂ ಒಳಗೆ ಹೋದರು. ರತ್ನಾಬಾಯಿ ಏಣಿಯ ಬುಡಕ್ಕೆ ಎದೆ ಕೊಟ್ಟು ನಿಂತಳು. ಮುರಿದ ಹಲ್ಲು ಬಂದಲ್ಲಿ ಗಂಡ ಗೋಡೆಯ ಸಂದಿಗೆ ಬೆರಳು ಹಾಕಿ ಮೈ ಎತ್ತಿಕೊಳ್ಳುವುದನ್ನು ನೋಡಲಾರದೆ ಕಣ್ಣು ಮುಚ್ಚಿದಳು. ಮೇಲೆ ನೀರಿನ ಟಾಕಿಯ ಕಂಬಕ್ಕೆ ಕೊಂಡಿ ಬಿದ್ದ ಸಪ್ಪಳ ಕೇಳಿದ ಮೇಲೆಯೇ ತೆರೆದಳು.

ಪೊರಕೆಯ ಸದ್ದು ಶುರುವಾಯಿತು. ಎಲೆ, ಹಿಕ್ಕೆ ದಬದಬ ಕೆಳಗೆ ಬಿದ್ದವು. ಆಮೇಲೆ ಅವನ ದನಿ ಬಂತು.

“ಸಿಕ್ತು ನೋಡ ಬೆಕ್ಕ! ನಿಮ್ಮ ತವರಮನಿ ಕಡೀದ ಇರಬೇಕು. ಸತ್ರೂ ಹಲ್ಲು ಕಿಸದದ.”

“ಬಾಯಿ ಮುಚ್ಕೊಂಡು ಕೆಲ್ಸ ಮಾಡ, ನನ್ನ ಹಾಟ್ಯಾ!” ಅವಳಿಗೆ ನಗು ಬಂತು. ಬೆಕ್ಕು ಪುಟ್ಟಿಯಲ್ಲಿ, ಅದಕ್ಕೆ ಕಟ್ಟಿದ್ದ ಹಗ್ಗದಿಂದ ಇಳಿದು ಬಂತು. ಮೂಗು ಮುಚ್ಚಿಕೊಂಡು ಅದನ್ನು ತಿಪ್ಪೆಗೆ ಸುರಿದು ತಿರುಗುವಷ್ಟರಲ್ಲಿ ಮೇಲೆ ಏನೋ ಫಟ್ ಎಂದು ಸೀಳಿತು.

ಮತ್ತೆ ಶುರುವಾಗಿದ್ದ ಪೊರಕೆಯ ಸದ್ದು ನಿಂತಿತು.

“ಏಯ್?” ಎಂದಳು. “ಕೇಳಾಕತ್ತೀಯೇನ?”

ಉತ್ತರ ಮೇಲಿನಿಂದ ಬರಲಿಲ್ಲ, ಮನೆಯೊಳಗಿನಿಂದ ಬಂತು. ಸಾಹುಕಾರ ಚೀರುತ್ತಿದ್ದ.

“ದೇವ್ರು ತಗೀರಿ! ಮೊದ್ಲ ದೇವ್ರು ತಗೀರಿ!”

ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ. ರತ್ನಾಬಾಯಿ ಮನೆ ಸುತ್ತಿ ಓಡಿದಳು. ಕಸ ಒಯ್ಯಲು ಇಷ್ಟು ವರ್ಷ ಬಂದರೂ ದಾಟದ ಮುಂದಿನ ಹೊಸ್ತಿಲನ್ನು ಚಪ್ಪಲಿ ಕಾಲಲ್ಲೇ ದಾಟಿದಳು.

ದಾಟಿದ ಕೂಡಲೇ ಎಡಕ್ಕೆ ಮೆಟ್ಟಿಲು. ಅಗಲವಾದ ಕಲ್ಲಿನ ಮೆಟ್ಟಿಲು, ಹಿಡಿಯಲು ಕಬ್ಬಿಣದ ಸರಳು. ಮೇಲಿನ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಬೆಳಕು ಪಾವಟಿಗೆ ಪಾವಟಿಗೆಯಾಗಿ ಕೆಳಗೆ ಇಳಿದಿತ್ತು. ದೇವರ ಖೋಲಿ ಎಲ್ಲೋ ಪಡಸಾಲೆಯ ಆಚೆ, ಮನೆಯ ಆ ತುದಿಗೆ ಇತ್ತು.

ಅವಳು ಅಲ್ಲಿಗೆ ಓಡಿದಳು. ದೇವರನ್ನಿಟ್ಟ ಕಲ್ಲಿನ ಜಗಲಿಯ ಮೇಲುಗಡೆ ಮರಿಲಿಂಗ ನೇತಾಡುತ್ತಿದ್ದ. ಬಿಳಿ ಬಳಿದ ಬೆಳಕಿಂಡಿಯ ತಗಡು ಒಡೆದು ಕೆಳಗೆ ಬಂದವನನ್ನು ಬೆಲ್ಟು ನಡುದಾರಿಯಲ್ಲಿ ಹಿಡಿದಿತ್ತು. ನಡುವಿನ ಪಟ್ಟಿ ಎದೆಗೇರಿ ಬಗಲಲ್ಲಿ ಸಿಕ್ಕಿಕೊಂಡು ಉಸಿರು ಹಿಂಡುತ್ತಿತ್ತು. ತೊಡೆಯ ಪಟ್ಟಿಗಳು ಖಾಲಿಯಾಗಿ ತೂಗುತ್ತಿದ್ದವು. ಅವನ ಮುಖ ನೀಲಿಗಟ್ಟಿತ್ತು. ಅವನ ಕಾಲ ಕೆಳಗೆ ಸಾಹುಕಾರ ಬೆಳ್ಳಿಯ ಮುಖವಾಡವನ್ನು ಮಡಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಆಮೇಲೆ ಗಂಟೆ. ಆಮೇಲೆ ದೀಪದ ಸಮೆ. ಒಂದೊಂದಾಗಿ, ಜೋಪಾನವಾಗಿ.

“ಕಾಲು ಝಾಡಿಸಬ್ಯಾಡಲೇ! ದೇವ್ರಿಗಿ ತಾಕ್ತಾವ!”

“ಬಿಚ್ಚವ್ವಾ ಮ್ಯಾಲ ಹೋಗಿ!” ರತ್ನಾಬಾಯಿ ಖೋಲಿಯ ಬಾಗಿಲಲ್ಲಿ ನಿಂತಿದ್ದ ರೇವತಿಗೆ ಕಿರುಚಿದಳು. “ಹಗ್ಗ ಸಡ್ಲ ಬಿಡು! ಮೆಟ್ಲ ಅಲ್ಲೇ ಅದಾವ!”

ರೇವತಿ ಮೆಟ್ಟಿಲಿನ ತನಕ ಓಡಿದಳು. ಸರಳು ಹಿಡಿದು ಒಂದು ಕಾಲು ಮೇಲಿಟ್ಟಳು. ತಿರುಗಿ ಮಾವನ ಮುಖ ನೋಡಿದಳು. ಹಾಗೇ ನಿಂತಳು.

ರತ್ನಾಬಾಯಿ ದೇವರ ಜಗಲಿ ಹತ್ತಿದಳು. ಎಣ್ಣೆ ಕುಡಿದ ಕಪ್ಪು ಕಲ್ಲು ಜಾರಿತು. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲು ಊರಿದಳು. ಉಳಿದಿದ್ದ ಹಣತೆ ಉರುಳಿತು.

“ಇಳೀ! ಇಳೀ ಬೋಸುಡಿ! ಜಗಲಿ ಅದು!”

ಗಂಡನ ಎರಡೂ ಪಾದಗಳನ್ನು ಹೆಗಲ ಮೇಲಿಟ್ಟುಕೊಂಡು, ಗೋಡೆಗೆ ಕೈ ಕೊಟ್ಟು ಎದ್ದು ನಿಂತಳು. ಹಗ್ಗ ಸಡಿಲಾಯಿತು. ಮರಿಲಿಂಗ ಬಾವಿಯಿಂದ ಬಂದವನಂತೆ ಉಸಿರೆಳೆದ. “ಬಿಚ್ಚು, ಪಟ್ಟಿ ಬಿಚ್ಚು, ನಾ ಹಿಡದೀನಿ,” ಅವಳು ಅನ್ನುತ್ತಲೇ ಇದ್ದಳು. ಅವನ ಬೆರಳು ತಡಕಾಡಿ ತಡಕಾಡಿ ಕೊಕ್ಕೆ ಬಿಚ್ಚಿತು. ಇಬ್ಬರೂ ಕೂಡಿಯೇ ಕೆಳಗೆ ಬಿದ್ದರು. ಹಳದಿ ಬೆಲ್ಟು ಮೇಲೇ ಉಳಿಯಿತು.

ಯಾರೂ ಹತ್ತಿರ ಬರಲಿಲ್ಲ.

ಅವಳು ಅವನನ್ನು ಬೆನ್ನಿಗೆ ಹಾಕಿಕೊಂಡಳು.

“ಹಿತ್ತಲ ಬಾಗ್ಲ ತಗದೀನಿ, ಆ ಕಡೆಯಿಂದ ಹೋಗು,” ಎಂದ ಸಾಹುಕಾರ. ಅವಳು ಪಡಸಾಲೆ ದಾಟಿ ಮೆಟ್ಟಿಲ ಪಕ್ಕದಿಂದ, ಸರಳು ಹಿಡಿದು ನಿಂತಿದ್ದ ರೇವತಿಯ ಸೆರಗಿಗೆ ಮೈ ತಾಕಿಸಿಕೊಂಡೇ ಮುಂದಿನ ಬಾಗಿಲಿಂದ ಹೊರಬಿದ್ದಳು. ಹೊರಗೆ ದಪ್ಪ ಹನಿ ಶುರುವಾಗಿತ್ತು.

“ರತ್ನಾ,” ಮರಿಲಿಂಗ ಕಿವಿಯಲ್ಲಿ ಕೇಳಿದ, “ನನ್ನ ಕಾಲು ನೆಲಕ್ಕ ಹತ್ತ್ಯಾವೇನ?”

ಅವನ ಎರಡೂ ಪಾದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದವು.

“ಹತ್ತ್ಯಾವ,” ಎಂದಳು.

ಬೀದಿಯ ತುದಿಯಲ್ಲಿ ವಹಾಬನ ಆಟೊ ನಿಂತಿತ್ತು. ಅವನು ಇವರನ್ನು ನೋಡಿ ಬೀಡಿ ಒಗೆದು ಓಡಿಬಂದ. “ಯಾ ಅಲ್ಲಾ! ಹಿಡ್ಕೋ ಅಕ್ಕಾ, ನಾ ಕಾಲು ಎತ್ತೀನಿ.”

ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಏ ರತ್ನಿ! ಚಪ್ಲಿ! ನಿನ್ನ ಚಪ್ಲಿ ಜಗಲಿ ಮ್ಯಾಲ ಅದಾವ! ಬಂದು ತಗಿ!”

ಅವಳು ತಿರುಗಲಿಲ್ಲ.

“ರೇವತಿ, ನೀನರ ತಗದು ಒಗಿ.”

“ನಾ ಒಲ್ಲೆ ಮಾವಾರ.”

“ನಿನಗೇನೂ ಇಲ್ಲ ಅಂತಿದ್ದೆಲ್ಲ!”

“ನಾ ಒಲ್ಲೆ ಅಂದ್ನಲ್ರಿ!” ಅವಳು ದನಿ ಎತ್ತಿದ್ದು ಅದೇ ಮೊದಲು.

ಮಳೆ ಜೋರಾಯಿತು. ಮನೆಯ ನಡುವಿನ ತೂತು ಈಗ ಜಗಲಿಯ ಮೇಲೇ ಸುರಿಯುತ್ತಿರಬೇಕು. ಸಾಹುಕಾರ ಬಾಗಿಲಿಗೆ ಬಂದು ನಿಂತಿದ್ದ.

“ರತ್ನಾಬಾಯಿ! ಏ ರತ್ನವ್ವಾ! ಒಂದೀಟು ಬಂದು ತಗೊಂಡು ಹೋಗವ್ವಾ!”

“ಕರ್ಯಾಕತ್ತಾನಲ್ಲಕ್ಕಾ,” ಎಂದ ವಹಾಬ.

“ಕರೀಲಿ. ದವಾಖಾನಿಗಿ ನಡಿ.”

ಆಟೊ ಪೇಟೆಯ ತಿರುವು ದಾಟುವ ತನಕ ಆ ದನಿ ಕರೆಯುತ್ತಲೇ ಇತ್ತು. ರತ್ನಾಬಾಯಿ ತನ್ನ ಕೆಸರುಗಾಲನ್ನು ಗಂಡನ ಪಾದದ ಮೇಲಿಟ್ಟು ಒತ್ತಿದಳು. ಇನ್ನೂ ಗಟ್ಟಿಯಾಗಿ ಒತ್ತಿದಳು.

ಅವನಿಗೆ ಗೊತ್ತಾಗಲಿಲ್ಲ.